ಲಾಭದ ಸುತ್ತು

ರಾಜಾಜಿನಗರದ ಆ ಬೀದಿಯಲ್ಲಿ ಬೆಳಿಗ್ಗೆ ಹತ್ತರ ಹೊತ್ತಿಗೆ ಯಾರಾದರೂ ಹಾದುಹೋದರೆ, ಜಗಲಿಯ ಮೇಲೆ ಕೂತ ಹೆಂಗಸು ಬಂಗಾರದ ದಾರ ಸುತ್ತುತ್ತಿದ್ದಾಳೆ ಅಂದುಕೊಳ್ಳಬೇಕು, ಹಾಗೆ ಹೊಳೆಯುತ್ತಿತ್ತು ಆ ತಂತಿ. ತಾಮ್ರದ್ದು, ಕೂದಲಿಗಿಂತ ಒಂದು ಚೂರು ದಪ್ಪ. ಕಲ್ಯಾಣಮ್ಮ ಎಡಗೈ ಬೆರಳ ಸಂದಿಯಲ್ಲಿ ತಂತಿ ಹಿಡಿದು, ಬಲಗೈಯಲ್ಲಿ ಹಿಡಿಕೆ ತಿರುಗಿಸುತ್ತ, ಬೆರಳುದ್ದದ ರಟ್ಟಿನ ಕೊಳವೆಗೆ ಅದನ್ನು ಸುತ್ತುತ್ತಿದ್ದಳು. ತುಟಿ ಮಾತ್ರ ಅಲುಗುತ್ತಿತ್ತು.

"ಲಾಭ... ಒಂದು... ಎರಡು... ಮೂರು..."

ಇಪ್ಪತ್ತೈದಕ್ಕೆ ನಿಲ್ಲಿಸಿ ಮೇಲೊಂದು ತೆಳು ಕಾಗದ ಹೊದಿಸಿ, ಮತ್ತೆ ಅದರ ಮೇಲೆ "ಲಾಭ, ಒಂದು, ಎರಡು." ಹೀಗೆ ನಾಲ್ಕು ಪದರ ಆದರೆ ಒಂದು ಕಾಯಿಲು. ಆ ಕಾಯಿಲು ಸುನಾದ ಕಂಪೆನಿಯ ರೇಡಿಯೋದ ಹೊಟ್ಟೆಯೊಳಗೆ ಕೂತು, ಆಕಾಶದಲ್ಲಿ ಅಲೆಯುವ ನೂರೆಂಟು ಮಾತುಗಳಲ್ಲಿ ಬೇಕಾದ ಒಂದನ್ನು ಹಿಡಿದು ಕೊಡುತ್ತದೆ ಎಂದು ಗಂಡ ಹೇಳಿದ್ದ. ಅದು ಹೇಗೆ ಎಂದು ಅವಳಿಗೆ ತಿಳಿಯದು. ಆದರೆ ಸುತ್ತುವಾಗ ಕಿವಿಯ ಹತ್ತಿರ ತಂತಿ ಸಣ್ಣಗೆ ಗುಂಯ್‌ಗುಡುತ್ತಿತ್ತು. ಎಲ್ಲಿಯದೋ ಊರಿನಲ್ಲಿ ಯಾರೋ ಹಾಡುವುದು ಈಗಲೇ ಇದರೊಳಗೆ ಬಂದು ಸೇರಿಕೊಳ್ಳುತ್ತಿದೆಯೇನೋ ಅನ್ನಿಸಿ, ಹಿಡಿಕೆ ತಿರುಗಿಸುವ ಕೈ ಮೆಲ್ಲಗಾಗುತ್ತಿತ್ತು. ಹದಿನಾರು ವರ್ಷದಿಂದ ಇದೇ ಕೆಲಸ. ಬೀದಿಯ ಹೆಂಗಸರಿಗೆಲ್ಲ ಸುತ್ತುವುದನ್ನು ಕಲಿಸಿದವಳೂ ಅವಳೇ.

ಗಂಡ ಚನ್ನವೀರಪ್ಪ ಸುನಾದದ ಹಳೆಯ ಫೋರ್‌ಮನ್. ಕಂಪೆನಿ ಒಂದು ಶೆಡ್ಡಿನಲ್ಲಿ ಶುರುವಾದಾಗ ಸೇರಿದವನು. ಈಗ ಅದರ ಕಾಂಪೌಂಡು ಒಂದು ಸುತ್ತು ಹಾಕಿದರೆ ಕಾಲು ನೋಯುವಷ್ಟಿತ್ತು. ರೇಡಿಯೋ ಬೇಕೆಂದು ಅಂಗಡಿಗೆ ಹೋದವರು "ಒಂದು ಸುನಾದ ಕೊಡಿ" ಎಂದೇ ಕೇಳುತ್ತಿದ್ದ ಕಾಲ ಅದು, ಎಪ್ಪತ್ತನಾಲ್ಕನೆಯ ಇಸವಿ. ಮಗ ಜಂಬಣ್ಣನೂ ಅಲ್ಲೇ ಟೆಸ್ಟಿಂಗ್ ವಿಭಾಗದಲ್ಲಿದ್ದ.

ಇದ್ದ ಅಂದೆ. ಆ ಭಾನುವಾರ ಮಧ್ಯಾಹ್ನದವರೆಗೆ.

ಕಲ್ಯಾಣಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಸೊಸೆ ಶಿವಕ್ಕ ಎಣ್ಣೆಗಾಯಿ ಬಡಿಸುತ್ತಿದ್ದಳು. ಜಂಬಣ್ಣ ತಟ್ಟೆ ನೋಡಿಕೊಂಡೇ ಹೇಳಿದ.

"ಅಪ್ಪಾ, ನಾನು ಸುನಾದ ಬಿಟ್ಟೆ."

"ಏನು ಬಿಟ್ಟೆ?"

"ಕೆಲಸ. ನಿನ್ನೆ ಕಾಗದ ಕೊಟ್ಟೆ. ಕಿಟ್ಟೀನೂ ಕೊಟ್ಟ."

ಕಿಟ್ಟಿ ಎಂದರೆ ಅದೇ ವಿಭಾಗದವನು, ಮಗನ ಜೊತೆ ಒಂದೇ ಸೈಕಲ್ಲಿನಲ್ಲಿ ಹೋಗಿ ಬರುತ್ತಿದ್ದವನು. ಚನ್ನವೀರಪ್ಪನ ಕೈಯ ತುತ್ತು ಬಾಯಿಗೆ ಹೋಗಲಿಲ್ಲ.

"ಯಾಕೆ? ಯಾರಾದ್ರೂ ಏನಾದ್ರೂ ಅಂದ್ರೇನೋ?"

"ಯಾರೂ ಏನೂ ಅನ್ಲಿಲ್ಲ, ಅದೇ ತೊಂದರೆ. ಸಣ್ಣ ಬ್ಯಾಟರಿ ಸೆಟ್ ಮಾಡೋಣ, ರೈತರು ಹೊಲಕ್ಕೆ ಎತ್ತಿಕೊಂಡು ಹೋಗೋ ಅಂಥದ್ದು ಅಂತ ಮೂರು ಸಲ ಬರೆದು ಕೊಟ್ಟೆ. ಆ ಕಾಗದದ ಮೇಲೆ ಟೀ ಲೋಟ ಇಟ್ಟಿದ್ರು. ಕಣ್ಣಾರೆ ನೋಡ್ದೆ."

"ಇನ್ನೇನು ಮಾಡ್ತೀಯ?"

"ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಶೆಡ್ ಹಿಡಿದಿದೀವಿ. ನಮ್ಮದೇ ರೇಡಿಯೋ. ಗೀಜಗ ಅಂತ ಹೆಸರು."

"ಶೆಡ್ಡು! ಸುನಾದದ ಸೈಕಲ್ ಸ್ಟ್ಯಾಂಡು ಅದಕ್ಕಿಂತ ದೊಡ್ಡದಿದೆ ಕಣೋ."

"ಸುನಾದಾನೂ ಶೆಡ್ಡಿನಲ್ಲೇ ಹುಟ್ಟಿದ್ದು ಅಂತ ನೀವೇ ಹೇಳ್ತಿರ್ಲಿಲ್ವಾ? ಎರಡು ವರ್ಷ ತಾಳಿ. ಟೆಸ್ಟಿಂಗ್‌ನಲ್ಲಿರೋರೆಲ್ಲ ಒಬ್ಬೊಬ್ರೇ ಬರ್ತಾರೆ. ಆಮೇಲೆ ಆ ಕಂಪೆನಿಗೆ ಬೀಗ."

"ಬೀಗ ಹಾಕೋರು ಯಾರಪ್ಪಾ?"

"ನಾವೇ."

ಚನ್ನವೀರಪ್ಪ ಹೆಂಡತಿಯ ಕಡೆ ತಿರುಗಿದ. "ಕೇಳಿದೆಯೇನೇ? ನಿನ್ನ ಮಗ ನನ್ನ ಕಂಪೆನಿಗೆ ಬೀಗ ಹಾಕ್ತಾನಂತೆ. ಇನ್ನೊಂದು ರೊಟ್ಟಿ ಹಾಕು, ದೊಡ್ಡ ಬೀಗ, ಎತ್ತೋಕೆ ಶಕ್ತಿ ಬೇಕಲ್ಲ."

ಅಂದಿನಿಂದ ಆ ಮನೆಯಲ್ಲಿ ಅಪ್ಪ ಮಗನ ಮಾತೆಲ್ಲ ಕಲ್ಯಾಣಮ್ಮನ ಮೇಲೆಯೇ ಹಾದುಹೋಗಬೇಕಾಯಿತು. ಎದುರುಬದುರು ಕೂತಿದ್ದರೂ "ಅವನಿಗೆ ಹೇಳು, ಬಚ್ಚಲ ದೀಪ ಆರಿಸಲಿ" ಎಂದು ಅಪ್ಪ, "ಅಪ್ಪನಿಗೆ ಹೇಳಮ್ಮ, ಆರಿಸಿದೀನಿ" ಎಂದು ಮಗ. ಶಿವಕ್ಕ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ಹಾವೇರಿ ಕಡೆಯ ಹುಡುಗಿ, ಎಸ್ಸೆಸ್ಸೆಲ್ಸಿ ಪಾಸಾದವಳು, ಮದುವೆಯಾಗಿ ಬಂದು ವರ್ಷ ತುಂಬಿರಲಿಲ್ಲ.

ಜಂಬಣ್ಣ ಹೇಳಿದ ಹಾಗೆಯೇ ಆಗುತ್ತ ಬಂತು. ಮೊದಲು ಇಬ್ಬರು ಹೋದರು, ದಸರೆಯ ಹೊತ್ತಿಗೆ ಇನ್ನು ನಾಲ್ವರು. ಕೆಲವರು ಗೀಜಗದ ಶೆಡ್ಡಿಗೇ ಬಂದರು, ಕೆಲವರು ಪಕ್ಕದ ಸಾಲಿನಲ್ಲಿ ತಮ್ಮದೇ ಬೋರ್ಡು ತಗುಲಿಸಿದರು. ಒಂದು ಮಧ್ಯಾಹ್ನ ಕಲ್ಯಾಣಮ್ಮನಿಗೆ ತಂತಿ ಹಿಡಿದಂತೆಯೇ ಜೊಂಪು ಹತ್ತಿ ಒಂದು ಕನಸು ಬಿತ್ತು. ಸುನಾದದ ಗೇಟಿನಿಂದ ಒಬ್ಬೊಬ್ಬರೇ ಹೊರಗೆ ನಡೆದು ಹೋಗುತ್ತಿದ್ದಾರೆ. ಎಲ್ಲರ ಬೆರಳಲ್ಲೂ ಒಂದೊಂದು ತಂತಿಯ ತುದಿ. ಅವರು ನಡೆದಷ್ಟೂ ಕಂಪೆನಿ ಬಿಚ್ಚಿಕೊಳ್ಳುತ್ತಿದೆ, ಪದರ ಪದರವಾಗಿ, ಸದ್ದಿಲ್ಲದೆ. ಗೋಡೆ ಹೋಯಿತು, ನೀರಿನ ಟ್ಯಾಂಕು ಹೋಯಿತು. ಬೀದಿ ತುಂಬ ತಾಮ್ರದ ಬೆಳಕು. ಕೊನೆಗೆ ಬಯಲಿನಲ್ಲಿ ಒಂದು ರಟ್ಟಿನ ಕೊಳವೆ ಮಾತ್ರ ನಿಂತಿದೆ, ಅದರ ಮೇಲೆ ಗಂಡ ಕೂತು ಕನ್ನಡಕ ಒರೆಸಿಕೊಳ್ಳುತ್ತಿದ್ದಾನೆ.

ಸಂಜೆ ಅದನ್ನು ಹೇಳಿದಾಗ ಚನ್ನವೀರಪ್ಪ ನಕ್ಕ. "ಕೊಳವೆಯಾದ್ರೂ ಉಳೀತಲ್ಲ, ಪುಣ್ಯ."

ಆದರೆ ಅದೇ ಶನಿವಾರ ಅವನು ಬರಿಗೈಯಲ್ಲಿ ಬಂದ. ಶನಿವಾರ ಸುತ್ತಿದ ಕಾಯಿಲು ಒಪ್ಪಿಸಿ, ಮುಂದಿನ ವಾರದ ತಂತಿಯ ಉರುಳೆಗಳನ್ನು ಚೀಲದಲ್ಲಿ ತರುವುದು ವಾಡಿಕೆ. ಚೀಲ ಮಡಿಚಿ ಕಂಕುಳಲ್ಲಿತ್ತು.

"ಇನ್ನು ಮನೆಗೆ ತಂತಿ ಬರಲ್ಲ. ಮಷೀನು ಬಂದಿದೆ. ನಿಮಿಷಕ್ಕೆ ಎರಡು ಸುತ್ತಿ ಎಸೆಯುತ್ತೆ."

ಆ ಬೀದಿಯಲ್ಲಿ ಹನ್ನೊಂದು ಮನೆಯ ಹೆಂಗಸರ ಕೈ ಒಂದೇ ಸಲ ಖಾಲಿಯಾಯಿತು. ಪಕ್ಕದ ಮನೆಯ ಚಿಕ್ಕಲಕ್ಷ್ಮಮ್ಮ ಕಾಂಪೌಂಡಿನ ಮೇಲಿಂದಲೇ ಕೇಳಿದಳು. "ನಮ್ಮ ಕೈಗಿಂತ ಚೆನ್ನಾಗಿ ಸುತ್ತುತ್ತಾ ಅಕ್ಕಾ ಅದು?"

"ಅದಕ್ಕೆ ಕೈಯೇ ಇಲ್ವಂತೆ."

"ಹಂಗಾದ್ರೆ ಕೈ ನೋವೂ ಇಲ್ಲ ಬಿಡಿ. ಹಾಳಾದ್ದು."

ಮರುದಿನ ಜಂಬಣ್ಣ ಒಂದು ಉರುಳೆ ತಂದು ತಾಯಿಯ ಮಡಿಲಲ್ಲಿಟ್ಟ. "ಅಮ್ಮಾ, ನಮಗೆ ಸುತ್ತು. ಕಾಯಿಲು, ಡಯಲಿನ ಗೆರೆ ಎಲ್ಲ ಸುನಾದದ ಅಳತೇನೇ. ಪೆಟ್ಟಿಗೆ ಮಾತ್ರ ಚಿಕ್ಕದು."

ಕಲ್ಯಾಣಮ್ಮ ಗಂಡನ ಕಡೆ ನೋಡಿದಳು. ಅವನು ಪೇಪರು ಮುಖಕ್ಕೆ ಅಡ್ಡ ಹಿಡಿದಿದ್ದ. ಪೇಪರಿನ ಹಿಂದಿನಿಂದ ಮಾತು ಬಂತು. "ಸುತ್ತಲಿ. ಸುಮ್ಮನೆ ಕೂತ್ರೆ ಅವಳ ಬೆರಳು ಮರಗಟ್ಟುತ್ತೆ."

ಗೀಜಗ ಹಾಡತೊಡಗಿತು. ಅದು ಹಾಡಿದ್ದನ್ನು ಕೇಳಿದವರು ಅಂಗಡಿಯ ಮುಂದೆ ಹಾಗೇ ನಿಂತುಬಿಡುತ್ತಿದ್ದರು. ಲಗ್ಗೆರೆಯ ಕಡೆಯಿಂದ ರೈತರು ಸೈಕಲ್ಲಿನ ಹ್ಯಾಂಡಲ್ಲಿಗೆ ಅದನ್ನು ನೇತುಹಾಕಿಕೊಂಡು ಹೋದರು. ಕಡಲೆ ಗಿಡದ ಸಾಲಿನಲ್ಲಿ ವಾರ್ತೆ, ಬದುವಿನ ಮೇಲೆ ಹಾಡು. ಬಟ್ಟೆ ಒಣಹಾಕುವಾಗ ಕಲ್ಯಾಣಮ್ಮ ಒಮ್ಮೊಮ್ಮೆ ಕೈ ನಿಲ್ಲಿಸಿ, ತನ್ನ ಬೆರಳು ಸೋಕಿದ ತಂತಿಗಳೆಲ್ಲ ಈಗ ಯಾವ ಯಾವ ಹೊಲದಲ್ಲಿ ಮಾತಾಡುತ್ತಿರಬಹುದು ಎಂದು ಯೋಚಿಸುತ್ತಿದ್ದಳು.

ಅದೇ ಹೊತ್ತಿಗೆ ಸುನಾದದ ರೇಡಿಯೋಗಳು ಅಂಗಡಿಗಳಿಂದ ವಾಪಸು ಬರತೊಡಗಿದವು. ಡಯಲಿನಲ್ಲಿ ಬೆಂಗಳೂರು ಎಂದು ಬರೆದ ಕಡೆ ಮುಳ್ಳು ನಿಲ್ಲಿಸಿದರೆ ಬೆಂಗಳೂರು ಸಿಗುತ್ತಿರಲಿಲ್ಲ. ಹುಡುಕಿ ಹಿಡಿದರೂ ಹಾಡಿನ ಹಿಂದೆ ಕುಯ್ಯೆಂದು ಒಂದು ಶಿಳ್ಳೆ. ಒಂದು ತುದಿ ಸರಿಮಾಡಿದರೆ ಇನ್ನೊಂದು ತುದಿ ಜಾರುತ್ತಿತ್ತು. ಇಂಥದ್ದನ್ನು ಕಿವಿಯಲ್ಲೇ ಹಿಡಿಯುತ್ತಿದ್ದ ಟೆಸ್ಟಿಂಗಿನ ಹಳಬರು ಯಾರೂ ಒಳಗೆ ಉಳಿದಿರಲಿಲ್ಲ. ವಾಪಸು ಬಂದ ಪೆಟ್ಟಿಗೆ ಗೋದಾಮು ತುಂಬಿದ ಮೇಲೆ ಪ್ಯಾಕಿಂಗ್ ವಿಭಾಗದವರಿಗೆ "ಹೇಳಿ ಕಳಿಸುವವರೆಗೆ ಮನೆಯಲ್ಲಿರಿ" ಎಂದರು. ಚಿಕ್ಕಲಕ್ಷ್ಮಮ್ಮನ ಗಂಡ ಮರಿಯಪ್ಪ ಆ ವಿಭಾಗದವನು. ಹಗಲು ಹೊತ್ತಿನಲ್ಲಿ ಜಗಲಿಯ ಮೇಲೆ ಗಂಡಸು ಕೂತಿದ್ದನ್ನು ನೋಡಿದರೆ ಆ ಬೀದಿಯಲ್ಲಿ ಎಲ್ಲರಿಗೂ ಅರ್ಥವಾಗುತ್ತಿತ್ತು.

ಚನ್ನವೀರಪ್ಪ ಊಟದಲ್ಲಿ ಒಂದು ರೊಟ್ಟಿಗೆ ನಿಲ್ಲಿಸುತ್ತಿದ್ದ.

"ಅಪ್ಪನಿಗೆ ಹೇಳಮ್ಮ, ಬೀಗ ನಾನು ತರಬೇಕಾಗಿಲ್ಲ. ಅವರೇ ತಂದುಕೊಳ್ತಾರೆ" ಎಂದ ಜಂಬಣ್ಣ ಒಂದು ದಿನ.

ಅಪ್ಪ ಆ ಒಂದು ರೊಟ್ಟಿಯನ್ನೂ ಅರ್ಧಕ್ಕೆ ಬಿಟ್ಟು ಕೈ ತೊಳೆಯಲು ಎದ್ದ. ಅದು ಕಲ್ಯಾಣಮ್ಮನಿಗೆ ಬೈಗುಳಕ್ಕಿಂತ ಹೆಚ್ಚು ಅನ್ನಿಸಿತು.

ಕಾರ್ತಿಕದಲ್ಲಿ ಗೀಜಗಕ್ಕೆ ಗಿರಾಕಿ ಹೆಚ್ಚಿ, ಶಿವಕ್ಕನೂ ಅತ್ತೆಯ ಪಕ್ಕ ಸುತ್ತಲು ಕೂತಳು. ಅವಳದು ಶಾಲೆಯ ರೀತಿ: ಪೆನ್ಸಿಲ್ ಹಿಡಿದು, ಐದಕ್ಕೊಂದು ಗೆರೆ ಹಾಕಿ, ಸರಿಯಾಗಿ ನೂರು. ಎರಡು ದಿನ ಬಿಟ್ಟು ಕಿಟ್ಟಿ ಸೈಕಲ್ಲಿನಲ್ಲಿ ಬಂದು ಪೊಟ್ಟಣ ಜಗಲಿಯ ಮೇಲಿಟ್ಟ.

"ಶಿವಕ್ಕಾ, ಬೇಜಾರು ಮಾಡ್ಕೋಬೇಡಿ. ನಿಮ್ಮ ಕಾಯಿಲು ಒಂದೂ ಹಾಡ್ತಿಲ್ಲ. ಸುನಾದದ ಹೊಸ ಸೆಟ್ಟಿನ ಥರಾನೇ ಶಿಳ್ಳೆ ಹೊಡೀತಾವೆ."

"ನೂರೇ ಸುತ್ತಿದೀನಿ ಅಣ್ಣ. ಬೇಕಾದ್ರೆ ಬಿಚ್ಚಿ ನೋಡಿ."

"ನೋಡಿದ್ವಿ. ನೂರೇ ಇದೆ. ಅದೇ ತಿಳೀತಿಲ್ಲ."

ಶಿವಕ್ಕ ಅತ್ತೆಯ ಎದುರಿಗೆ ಬಂದು ಕೂತಳು. "ಅತ್ತೆ, ನೀವು ಒಂದು ಸುತ್ತಿ. ನಾನು ನೋಡ್ತೀನಿ."

ಕಲ್ಯಾಣಮ್ಮ ಹಿಡಿಕೆ ತಿರುಗಿಸಿದಳು. "ಲಾಭ... ಒಂದು..."

"ತಡೀರಿ. ಲಾಭಾನೂ ಒಂದು ಸುತ್ತು ಅಲ್ವಾ ಅತ್ತೆ?"

"ಲಾಭ ಎಣಿಕೆಗೆ ಬರಲ್ಲ ಕಣೇ. ಕಣದಲ್ಲಿ ಜೋಳ ಅಳೆಯೋವಾಗ ಮೊದಲನೇ ಸೇರಿಗೆ ನಮ್ಮಪ್ಪ ಲಾಭ ಅನ್ನೋನು. ಅದು ದೇವರದು, ಬಂದುಹೋಗೋರದು. ಆಮೇಲೆ ಒಂದು."

"ತಂತಿಗೆ ಗೊತ್ತಾಗುತ್ತಲ್ಲ ಅತ್ತೆ."

ನಾಲ್ಕು ಪದರ, ನಾಲ್ಕು ಲಾಭ. ನೂರಾ ನಾಲ್ಕು. ಕಿಟ್ಟಿ ತಾನು ಹಿಡಿದು ನಿಂತಿದ್ದ ಸೈಕಲ್ಲನ್ನೂ ಮರೆತು ಕೈಬಿಟ್ಟ. ಅದು ಬಿದ್ದಾಗ ಆ ಸದ್ದು ಕಲ್ಯಾಣಮ್ಮನಿಗೆ ಎಲ್ಲಿಯೋ ದೂರದಲ್ಲಿ ಕೇಳಿದಂತಾಯಿತು. ಹದಿನಾರು ವರ್ಷ. ಅವಳು ಸುತ್ತಿದ್ದು, ಅವಳು ಕಲಿಸಿದ ಹೆಂಗಸರು ಸುತ್ತಿದ್ದು, ಎಲ್ಲವೂ ತಪ್ಪು. ತಂತಿಯನ್ನು ಕೆಳಗಿಟ್ಟು, ಎದ್ದು ಹೋಗಿ ಸುಮ್ಮನೆ ಅಕ್ಕಿ ಆರಿಸತೊಡಗಿದಳು.

ಸುದ್ದಿ ಕೇಳಿ ಓಡಿ ಬಂದ ಜಂಬಣ್ಣ ಕುಣಿಯುವುದೊಂದು ಬಾಕಿ. "ಮಷೀನು ಡ್ರಾಯಿಂಗ್ ನೋಡಿ ನೂರು ಸುತ್ತುತ್ತೆ, ಅದಕ್ಕೇ ಕಂಪೆನಿ ಶಿಳ್ಳೆ ಹೊಡೀತಿದೆ! ಅಮ್ಮಾ, ಯಾರ ಹತ್ರಾನೂ ಬಾಯಿ ಬಿಡಬೇಡ. ಎರಡು ತಿಂಗಳು ಸಾಕು. ನಾವು ತಳ್ಳೋದೇ ಬೇಡ, ಅದೇ ಬೀಳುತ್ತೆ."

ಸಂಜೆ ಚನ್ನವೀರಪ್ಪ ಬಂದು ಹಿತ್ತಲಲ್ಲಿ ಕಾಲು ತೊಳೆಯುತ್ತಿದ್ದಾಗ ಕಲ್ಯಾಣಮ್ಮ ಬಾಗಿಲಲ್ಲಿ ನಿಂತಳು.

"ಏನೂಂದ್ರೆ, ನಾನು ಇಷ್ಟು ವರ್ಷವೂ ತಪ್ಪು ಸುತ್ತಿದೀನಿ. ಕಾಯಿಲಿಗೆ ನಾಲ್ಕು ಸುತ್ತು ಜಾಸ್ತಿ."

"ಗೊತ್ತು."

ಅವನು ಆಗಲೇ ತೊಳೆದಿದ್ದ ಕಾಲಿಗೆ ಇನ್ನೊಂದು ಚೆಂಬು ನೀರು ಹಾಕಿಕೊಂಡ.

"ಗೊತ್ತಾ?"

"ಮೊದಲನೇ ವರ್ಷಾನೇ ಬಿಚ್ಚಿ ಎಣಿಸಿದ್ದೆ. ನಮ್ಮ ಮನೇಲಿ ಲಾಭ ಅಂದ್ರೇನೇ ಒಂದು. ನಿಮ್ಮ ಮನೇಲಿ ಲಾಭ ಆದ್ಮೇಲೆ ಒಂದು. ನಗು ಬಂತು. ಅಷ್ಟರಲ್ಲಿ ನೀನು ಇಡೀ ಬೀದಿಗೆ ಕಲಿಸಿಬಿಟ್ಟಿದ್ದೆ. ಮೊದಲನೇ ಸಲ ಕೆಲಸ ಅಂತ ಹಿಡಿದಿದ್ದೆ, ಎಷ್ಟು ಖುಷಿಯಾಗಿದ್ದೆ ನೀನು. ತಪ್ಪು ಅಂದಿದ್ರೆ ಎಲ್ಲ ವಾಪಸ್ ಬರ್ತಿತ್ತು, ನೀನು ಆ ಬೀದೀಲಿ ತಲೆ ಎತ್ತಿ ಓಡಾಡ್ತಿರ್ಲಿಲ್ಲ. ಡಯಲಿನ ಗಾಜು ಆಗಿನ್ನೂ ಅಚ್ಚಿಗೆ ಹೋಗಿರ್ಲಿಲ್ಲ. ಗೆರೆಗಳನ್ನೇ ನಿನ್ನ ಕಾಯಿಲಿಗೆ ತಕ್ಕ ಹಾಗೆ ಸರಿಸಿದೆ. ಒಂದು ಕಂಡೆನ್ಸರ್ ಬದಲಾಯಿಸಿದೆ. ಡ್ರಾಯಿಂಗ್‌ನಲ್ಲಿ ಮಾತ್ರ ನೂರು ಹಂಗೇ ಇತ್ತು."

ಹಿತ್ತಲ ಸೀಬೆ ಗಿಡದ ಮೇಲೆ ಸಂಜೆಯ ಬಿಸಿಲು ತಂತಿಯ ಹಾಗೆ ಎಳೆ ಎಳೆಯಾಗಿ ಬಿದ್ದಿತ್ತು. ಕಲ್ಯಾಣಮ್ಮ ಹೊಸ್ತಿಲು ಇಳಿದು ಬಂದಳು.

"ನನಗೋಸ್ಕರ ಒಂದು ಕಂಪೆನೀನೇ ಸರಿಸಿಬಿಟ್ರಾ?"

"ಗೆರೆ ಸರಿಸಿದೆ ಅಷ್ಟೇ."

"ಮತ್ತೆ ಇಷ್ಟು ದಿನದಿಂದ ಯಾಕೆ ಸುಮ್ಮನಿದೀರಿ? ಮರಿಯಪ್ಪ ಅಲ್ಲಿ ಜಗಲಿ ಕಾಯ್ತಾ ಕೂತಿದಾನೆ."

ಚನ್ನವೀರಪ್ಪ ಚೆಂಬು ಬೋರಲು ಹಾಕಿದ. "ಹೇಳಿದ್ರೆ ಇವನ ಶೆಡ್ಡು ಹೋಗುತ್ತೆ ಅನ್ನೋ ಭಯ. ಆಮೇಲೆ... ನಿನ್ನ ಕೈಯಿಂದ ತಂತಿ ಕಿತ್ತುಕೊಂಡಿತಲ್ಲ ಆ ಮಷೀನು, ಸ್ವಲ್ಪ ದಿನ ಶಿಳ್ಳೆ ಹಾಕ್ಲಿ ಅನ್ನಿಸ್ತು."

ಬಾಗಿಲ ಹಿಂದೆ ನಿಂತು ಕೇಳುತ್ತಿದ್ದ ಜಂಬಣ್ಣ ಈಚೆ ಬಂದ. ಮೂರು ತಿಂಗಳ ಮೇಲೆ ಮೊದಲ ಸಲ ನೇರವಾಗಿ ಅಪ್ಪನ ಜೊತೆ ಮಾತಾಡಿದ.

"ಹಂಗೇ ಸುಮ್ಮನಿರಿ ಅಪ್ಪಾ. ನಾವು ಏನೂ ಕದ್ದಿಲ್ಲ. ಹೇಳದೇ ಇರೋದು ತಪ್ಪಾ?"

"ನನ್ನನ್ನ ಕೇಳಬೇಡ. ನನಗೆ ತಿಳೀತಿಲ್ಲ" ಎಂದ ಅಪ್ಪ.

ಅಷ್ಟರಲ್ಲಿ ಕಾಂಪೌಂಡಿನ ಆಚೆಯಿಂದ ಚಿಕ್ಕಲಕ್ಷ್ಮಮ್ಮನ ಬಳೆ ಸದ್ದಾಯಿತು. "ಅಕ್ಕಾ, ಒಂದು ಪಾವು ರಾಗಿ ಹಿಟ್ಟು ಇದ್ರೆ..." ಈ ವಾರದಲ್ಲಿ ಇದು ಮೂರನೆಯ ಸಲ. ಕಲ್ಯಾಣಮ್ಮ ಒಳಗೆ ಹೋಗಿ ಪಾವಿನಿಂದ ಮೊರಕ್ಕೆ ಹಿಟ್ಟು ಅಳೆದಳು. ಲಾಭ, ಒಂದು. ಕೊಟ್ಟು ಬಂದು ಮಗನ ಮುಂದೆ ನಿಂತಳು.

"ಎಣಿಕೆ ನಿನ್ನದೂ ಅಲ್ಲ, ನಿಮ್ಮಪ್ಪನದೂ ಅಲ್ಲ. ನನ್ನದು. ನಾಳೆ ನಾನೇ ಹೋಗಿ ಹೇಳ್ತೀನಿ."

"ನನ್ನ ಶೆಡ್ಡಿಗೆ ನೀನೇ ಬೀಗ ಹಾಕ್ತೀಯಾಮ್ಮ?"

"ನನ್ನ ನಾಲ್ಕು ಸುತ್ತಿನ ಮೇಲೆ ನಿಂತಿದ್ರೆ ಅದು ನಿನ್ನ ಶೆಡ್ಡು ಹೆಂಗಾಯ್ತೋ? ನೀನು ಸಣ್ಣ ಸೆಟ್ ಮಾಡ್ತೀನಿ ಅಂತ ಹೋದೋನು. ಅದನ್ನ ಮಾಡು."

ಜಂಬಣ್ಣ ಊಟಕ್ಕೆ ಏಳಲಿಲ್ಲ.

ಮರುದಿನ ಬೆಳಿಗ್ಗೆ ಕಲ್ಯಾಣಮ್ಮ ಇಳಕಲ್ ಸೀರೆ ಉಟ್ಟು, ಸುತ್ತುವ ಕೈಯಂತ್ರವನ್ನು ಚೀಲದಲ್ಲಿಟ್ಟುಕೊಂಡು ಗಂಡನ ಹಿಂದೆ ನಡೆದಳು. ಹದಿನಾರು ವರ್ಷದಲ್ಲಿ ಆ ಗೇಟಿನೊಳಗೆ ಕಾಲಿಟ್ಟಿದ್ದು ಅದೇ ಮೊದಲು. ಒಳಗೆ ಅರ್ಧಕ್ಕರ್ಧ ಬೆಂಚು ಖಾಲಿ. ಎತ್ತರದ ಕಿಟಕಿಗಳಿಂದ ಬೆಳಕು ಇಳಿದು ಯಾರೂ ಕೂರದ ಸ್ಟೂಲುಗಳ ಮೇಲೆ ಕೂತಿತ್ತು. ಕನಸಿನಲ್ಲಿ ಅರ್ಧ ಬಿಚ್ಚಿದ್ದ ಕಂಪೆನಿ ಇದೇ ಅನ್ನಿಸಿತು.

ಮಷೀನಿನ ಪಕ್ಕ ಟೈ ಕಟ್ಟಿದ ಎಂಜಿನಿಯರು ನಿಂತಿದ್ದ, ಜಂಬಣ್ಣನ ವಯಸ್ಸಿನವನು. ಕುರ್ಚಿ ತೋರಿಸಿದ. ಕಲ್ಯಾಣಮ್ಮ ನೆಲದ ಮೇಲೆಯೇ ಕೂತು, ಕೈಯಂತ್ರವನ್ನು ಮಂಡಿಗೆ ಆನಿಸಿಕೊಂಡು, ಜೋರಾಗಿಯೇ ಎಣಿಸಿದಳು. ಲಾಭ, ಒಂದು, ಎರಡು. ಎಂಜಿನಿಯರು ಬಗ್ಗಿ ನೋಡುತ್ತ ಬೆರಳು ಮಡಿಚುತ್ತಿದ್ದ. ನಾಲ್ಕನೆಯ ಪದರ ಮುಗಿದಾಗ ಒಂದು ಸೆಟ್ ತಂದು, ಅದರಲ್ಲಿದ್ದ ಕಾಯಿಲು ಕಿತ್ತು ಇದನ್ನು ಬೆಸೆದರು. ಚನ್ನವೀರಪ್ಪ ಗುಂಡಿ ತಿರುಗಿಸಿದ. ಮುಳ್ಳು ಬೆಂಗಳೂರಿನ ಗೆರೆಯ ಮೇಲೆ ಬಂದು ನಿಂತಿತು. ನಿಂತ ಕಡೆಯೇ ಒಬ್ಬ ಹೆಂಗಸಿನ ಹಾಡು, ಹಿಂದೆ ಶಿಳ್ಳೆಯಿಲ್ಲ, ಬಾವಿಯ ನೀರಿನಷ್ಟು ತಿಳಿ.

"ಡ್ರಾಯಿಂಗ್‌ನಲ್ಲಿ ಇದು ಇಲ್ಲವಲ್ಲ?" ಎಂದ ಎಂಜಿನಿಯರು.

"ನಾನು ಬರೀಲಿಲ್ಲ ಸಾರ್. ತಪ್ಪು ನನ್ನದು."

"ಅವರದಲ್ಲಪ್ಪಾ, ನಮ್ಮ ತವರು ಮನೇದು" ಎಂದಳು ಕಲ್ಯಾಣಮ್ಮ.

ಎಂಜಿನಿಯರು ನಗಲಿಲ್ಲ. ಡ್ರಾಯಿಂಗಿನಲ್ಲಿ ನೂರನ್ನು ಹೊಡೆದು ನೂರಾ ನಾಲ್ಕು ಎಂದು ಬರೆದು ಕೆಳಗೆ ತನ್ನ ರುಜು ಹಾಕಿದ. ಕಪ್ಪು ಬಸಿಯಲ್ಲಿ ಟೀ ತರಿಸಿಕೊಟ್ಟ. ಅವಳು ಕುಡಿಯುತ್ತಿದ್ದಂತೆ ಮಷೀನು ಶುರುವಾಯಿತು. ಅದು ಲಾಭ ಅನ್ನಲಿಲ್ಲ, ಏನೂ ಅನ್ನಲಿಲ್ಲ. ಸುಮ್ಮನೆ ನೂರಾ ನಾಲ್ಕು ಸುತ್ತಿ ಎಸೆಯಿತು.

ಸಂಕ್ರಾಂತಿಯ ಹೊತ್ತಿಗೆ ಮರಿಯಪ್ಪ ಕೆಲಸಕ್ಕೆ ಹೋದ. ಸುನಾದ ಎದ್ದು ನಿಂತಿತು, ಆದರೆ ಮೊದಲಿನಷ್ಟು ಎತ್ತರಕ್ಕಲ್ಲ. ಅದರ ಗೇಟಿನಿಂದ ಒಬ್ಬೊಬ್ಬರು ಹೊರಗೆ ನಡೆಯುವುದೂ ನಿಲ್ಲಲಿಲ್ಲ. ಗೀಜಗದ ಅಂಗಡಿಯ ಮುಂದೆ ಗಿರಾಕಿ ಅರ್ಧಕ್ಕೆ ಇಳಿದರು. ಉಳಿದ ಅರ್ಧ ಹೊಲದವರು. ಮನೆಯೊಳಗಿಟ್ಟು ಕೇಳುವ ಪೆಟ್ಟಿಗೆ ಅವರಿಗೆ ಬೇಕಿರಲಿಲ್ಲ. ಶೆಡ್ಡಿಗೆ ಬೀಗ ಬೀಳಲಿಲ್ಲ. ಎಸ್ಟೇಟಿನ ನಾಲ್ಕು ಶೆಡ್ಡಿನವರು ಕಲ್ಯಾಣಮ್ಮನ ಬೀದಿಗೆ ತಂತಿ ಕಳಿಸತೊಡಗಿದರು, ಹನ್ನೊಂದು ಜಗಲಿಯ ಮೇಲೆ ಮತ್ತೆ ತಾಮ್ರ ಹೊಳೆಯಿತು.

ಜಂಬಣ್ಣ ಮಾತ್ರ ತಾಯಿಯ ಜೊತೆ ಮಾತಾಡುತ್ತಿರಲಿಲ್ಲ. "ಅಮ್ಮನಿಗೆ ಹೇಳಿ ಅಪ್ಪಾ, ಉಪ್ಪು ಕಮ್ಮಿ ಇದೆ" ಎನ್ನುತ್ತಿದ್ದ. ಚನ್ನವೀರಪ್ಪ ಗಂಭೀರವಾಗಿ ಅದನ್ನು ಒಪ್ಪಿಸುತ್ತಿದ್ದ.

ಒಂದು ಭಾನುವಾರ ಊಟಕ್ಕೆ ಮುಂಚೆ ಕಲ್ಯಾಣಮ್ಮ ಮನೆಯ ಹಳೆಯ ಸುನಾದದ ಧೂಳು ಒರೆಸುತ್ತಿದ್ದಳು. ಕಂಪೆನಿ ಪ್ರಯೋಗಕ್ಕೆಂದು ಮಾಡಿದ ಮೊದಮೊದಲಿನ ಸೆಟ್ಟು ಅದು. ಡಯಲಿನ ಗಾಜಿನ ಮೇಲೆ ಬೆಂಗಳೂರಿನ ಪಕ್ಕದಲ್ಲಿ ಒಂದು ಗೀರು. ಜಂಬಣ್ಣ ಹತ್ತು ವರ್ಷದವನಿದ್ದಾಗ ಮೊಳೆಯಿಂದ ಗೀರಿದ್ದು ಎಂದು ಅವಳ ಲೆಕ್ಕ. ಅಲ್ಲ ಅಲ್ಲ ಎಂದು ಅವನು ಎಷ್ಟು ಅತ್ತರೂ ಬಿಡದೆ ಲಟ್ಟಣಿಗೆಯಿಂದ ಬಾರಿಸಿದ್ದಳು. ಈಗ ಒರೆಸುವ ಬಟ್ಟೆ ಆ ಗೀರಿನ ಮೇಲೆ ನಿಂತಿತು. ಗುಂಡಿ ತಿರುಗಿಸಿದಳು. ಮುಳ್ಳು ಬೆಂಗಳೂರು ಎಂಬ ಗೆರೆ ದಾಟಿ ಹೋಗಿ, ಸರಿಯಾಗಿ ಗೀರಿನ ಮೇಲೆ ನಿಂತಾಗ ಹಾಡು ಬಂತು.

"ಏನೂಂದ್ರೆ," ಎಂದಳು. "ಈ ಗೀರು..."

ತಟ್ಟೆಯ ಮುಂದೆ ಕೂತಿದ್ದ ಚನ್ನವೀರಪ್ಪ ಕನ್ನಡಕ ತೆಗೆದು ಒರೆಸತೊಡಗಿದ. "ಗೆರೆ ಎಷ್ಟು ಸರಿಸಬೇಕು ಅಂತ ಮೊದಲು ಅದರ ಮೇಲೇ ಪಿನ್ನಿನಲ್ಲಿ ಗುರುತು ಹಾಕಿದ್ದೆ."

ಜಂಬಣ್ಣ ತಲೆಯೆತ್ತಿದ. "ಅಂದ್ರೆ? ಅದಕ್ಕೆ ನಾನು ಲಟ್ಟಣಿಗೇಲಿ ತಿಂದೆನಾ? ಅಪ್ಪಾ, ನೀವು ಅಲ್ಲೇ ನಿಂತಿದ್ರಿ!"

"ನಿಂತಿದ್ದೆ."

"ಒಂದು ಮಾತಾದ್ರೂ..."

"ಹೇಳಿದ್ರೆ ಯಾಕೆ ಗುರುತು ಹಾಕಿದೆ ಅಂತ ನಿಮ್ಮಮ್ಮ ಕೇಳ್ತಿದ್ಲಲ್ಲೋ."

ಶಿವಕ್ಕ ನಗು ತಡೆಯಲಾಗದೆ ಸೌಟು ಕೆಳಗಿಟ್ಟಳು. ಜಂಬಣ್ಣ ಅಪ್ಪನನ್ನೂ ಅಮ್ಮನನ್ನೂ ನೋಡಿದ. ಕೋಪ ಎಲ್ಲಿಂದ ಹಿಡಿಯಬೇಕೆಂದು ಗೊತ್ತಾಗದೆ ಅವನ ಮೀಸೆಯ ಕೆಳಗೂ ನಗು ಜಾರಿತು. "ಹದಿನಾರು ವರ್ಷ ಆಯ್ತಮ್ಮ," ಎಂದ, ನೇರವಾಗಿ ಅವಳಿಗೇ.

ಕಲ್ಯಾಣಮ್ಮ ಬಟ್ಟೆ ಕೆಳಗಿಟ್ಟು ಒಲೆಯ ಮುಂದೆ ಕೂತಳು, ಊಟ ಸಾಗಿತು. ರೇಡಿಯೋ ಹಾಡುತ್ತಲೇ ಇತ್ತು. ಒಲೆಯ ಮೇಲಿಂದ ಉಬ್ಬಿದ ರೊಟ್ಟಿಯನ್ನು ಬೆರಳ ತುದಿಯಲ್ಲಿ ಎತ್ತಿ ತಂದು ಮಗನ ತಟ್ಟೆಗೆ ಹಾಕಿದಳು.

"ಮೂರಾಯ್ತಲ್ಲಮ್ಮ, ಸಾಕು."

"ಇದು ಲಾಭ ಕಣೋ," ಎಂದಳು. "ಎಣಿಕೆಗೆ ಬರಲ್ಲ. ತಿನ್ನು."